ಕಂಪ್ಯೂಟರ್ ಏಳುವಾಗ ಕಾಣುವ ತೆರೆ: ನಮಗೆ ಬೇಕಾದಂತೆ ಕಟ್ಟಿಕೊಳ್ಳುವುದು ಹೇಗೆ?

ಲ್ಯಾಪ್‌ಟಾಪಿನ ಬಟನ್ ಒತ್ತಿದ ಕೂಡಲೇ ತಯಾರಿಸಿದ ಕಂಪನಿಯ ಲಾಂಛನ ಮೂಡುತ್ತದೆ. ಅದರ ಕೆಳಗೆ ಒಂದು ಪುಟ್ಟ ಚಕ್ರ ಸುತ್ತತೊಡಗುತ್ತದೆ. ಚಕ್ರ ಸುತ್ತುತ್ತಿದೆ ಎಂದರೆ ಕೆಲಸ ಸಾಗಿದೆ ಎಂದು ನಂಬಿ ನಾವು ಕಾಯುತ್ತೇವೆ. ನಿಜ ಹೇಳಬೇಕೆಂದರೆ ಆ ಚಕ್ರ ಯಾವುದನ್ನೂ ಅಳೆಯುತ್ತಿಲ್ಲ. ಯಕ್ಷಗಾನದಲ್ಲಿ ಪಾತ್ರ ಸಭೆಗೆ ಬರುವ ಮುಂಚೆ ಇಬ್ಬರು ಹಿಡಿದು ನಿಲ್ಲುವ ತೆರೆ ಇದೆಯಲ್ಲ, ಅಂಥದ್ದೇ ಇದು. ಹಿಂದೆ ನಡೆಯುವ ತಯಾರಿ ಕಾಣದಿರಲಿ, ಮುಂದೆ ಕುಳಿತವರಿಗೆ ಬೇಸರ ಬಾರದಿರಲಿ ಎಂದು ಕಟ್ಟಿದ್ದು.

ಈ ತೆರೆಯನ್ನು ಬದಲಿಸಬಹುದು. ಲಿನಕ್ಸ್‌ನಲ್ಲಿ ಅದು ಒಂದು ಸಂಜೆಯ ಕೆಲಸ. ಆದರೆ ಹಿಂದೆ ಏನು ನಡೆಯುತ್ತಿದೆ ಎಂದು ತಿಳಿಯದೆ ಕೈಹಾಕಿದರೆ ಎಲ್ಲಿ ಎಡವುತ್ತೇವೆ ಎಂಬುದೇ ಗೊತ್ತಾಗುವುದಿಲ್ಲ. ಹಾಗಾಗಿ ಮೊದಲು ಹಿಂದಿನ ಕತೆ, ಆಮೇಲೆ ಚಿತ್ರ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಕಡತ ಮತ್ತು ಕಮಾಂಡುಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ತೆರೆಯ ಹಿಂದೆ

ಕರೆಂಟ್ ಹರಿದ ತಕ್ಷಣ ಎಚ್ಚರಗೊಳ್ಳುವುದು ಮದರ್‌ಬೋರ್ಡಿನಲ್ಲಿ ಕೂತಿರುವ ಫರ್ಮ್‌ವೇರ್. ಇಂದಿನ ಯಂತ್ರಗಳಲ್ಲಿ ಅದರ ಹೆಸರು ಯುಇಎಫ್ಐ. ಕಂಪನಿಯ ಲಾಂಛನವನ್ನು ತೋರಿಸುವುದು ಇದೇ. ಅದು ಗ್ರಬ್ ಎಂಬ ಬೂಟ್‌ಲೋಡರನ್ನು ಕರೆಯುತ್ತದೆ. ಗ್ರಬ್ ಎರಡು ವಸ್ತುಗಳನ್ನು ಮೆಮೊರಿಗೆ ತರುತ್ತದೆ: ಒಂದು ಲಿನಕ್ಸ್ ಕರ್ನೆಲ್, ಇನ್ನೊಂದು ಇನಿಟ್‌ರ್ಯಾಮ್‌ಎಫ್‌ಎಸ್ ಎಂಬ ಸಣ್ಣ ಗಂಟು. ನಿಮ್ಮ ಹಾರ್ಡ್ ಡಿಸ್ಕ್ ಇನ್ನೂ ತೆರೆದಿಲ್ಲದ ಆ ಹೊತ್ತಿನಲ್ಲಿ ಕರ್ನೆಲ್‌ಗೆ ಬೇಕಾದ ಅಗತ್ಯ ಸಾಮಾನುಗಳೆಲ್ಲ ಈ ಗಂಟಿನಲ್ಲಿರುತ್ತವೆ. ಪ್ರಯಾಣಕ್ಕೆ ಹೊರಟವರ ಬುತ್ತಿಯಿದ್ದಂತೆ.

ನಮ್ಮ ಅನಿಮೇಶನ್ ಶುರುವಾಗುವುದು ಇಲ್ಲಿ. ಅದನ್ನು ನಡೆಸುವ ಪ್ರೋಗ್ರಾಮಿನ ಹೆಸರು ಪ್ಲಿಮತ್. ರೆಡ್ ಹ್ಯಾಟ್‌ನ ರೇ ಸ್ಟ್ರೋಡ್ ಇದನ್ನು ಬರೆದರು. 2008ರ ನವೆಂಬರಿನಲ್ಲಿ ಬಂದ ಫೆಡೋರಾ 10ರಲ್ಲಿ ಮೊದಲು ಕಾಣಿಸಿಕೊಂಡಿತು, 2010ರಲ್ಲಿ ಉಬುಂಟು 10.04ಕ್ಕೂ ಬಂತು. ಅದಕ್ಕೂ ಮುಂಚೆ ಬೂಟ್ ಆಗುವಾಗ ಪರದೆ ನಾಲ್ಕಾರು ಸಲ ಮಿಣುಕಿ, ಕಪ್ಪಾಗಿ, ಮತ್ತೆ ಬೆಳಗುತ್ತಿತ್ತು. ಪರದೆಯ ರೆಸಲ್ಯೂಶನ್ ನಿಗದಿಪಡಿಸುವ ಕೆಲಸವನ್ನು ಕರ್ನೆಲ್ ತಾನೇ ವಹಿಸಿಕೊಂಡ ಮೇಲೆ ಈ ಮಿಣುಕಾಟ ತಗ್ಗಿತು, ಪ್ಲಿಮತ್‌ಗೆ ಮೊದಲ ಕ್ಷಣದಿಂದಲೇ ಪೂರ್ತಿ ಪರದೆ ಸಿಕ್ಕಿತು.

ಉಬುಂಟು 20.04ರಿಂದ ನೀವು ನೋಡುತ್ತಿರುವ ಥೀಮಿನ ಹೆಸರು ಬಿಜಿಆರ್‌ಟಿ. ಫರ್ಮ್‌ವೇರ್ ತೋರಿಸಿದ ಲಾಂಛನದ ಚಿತ್ರ ಮೆಮೊರಿಯಲ್ಲಿ ಎಲ್ಲಿದೆ ಎಂಬುದನ್ನು ಅದೇ ಹೆಸರಿನ ಒಂದು ಕೋಷ್ಟಕ ಹೇಳುತ್ತದೆ. ಪ್ಲಿಮತ್ ಅದನ್ನು ಓದಿ ಅದೇ ಚಿತ್ರವನ್ನು ಅದೇ ಜಾಗದಲ್ಲಿ ಉಳಿಸಿಕೊಂಡು, ಕೆಳಗೊಂದು ಚಕ್ರ ಸೇರಿಸುತ್ತದೆ. ಫರ್ಮ್‌ವೇರ್ ಕೈಯಿಂದ ಲಿನಕ್ಸ್ ಕೈಗೆ ಯಂತ್ರ ದಾಟಿದ್ದು ನೋಡುವವರಿಗೆ ತಿಳಿಯುವುದೇ ಇಲ್ಲ.

ಕೆಲವು ಥೀಮುಗಳಲ್ಲಿ ಚಕ್ರದ ಬದಲು ತುಂಬುತ್ತಾ ಹೋಗುವ ಪಟ್ಟಿ ಇರುತ್ತದೆ. ಅದಾದರೂ ನಿಜ ಹೇಳುತ್ತದೆಯೇ? ಹಿಂದಿನ ಸಲ ಬೂಟ್ ಆಗಲು ಎಷ್ಟು ಹೊತ್ತಾಯಿತು ಎಂಬ ಲೆಕ್ಕವನ್ನು ಪ್ಲಿಮತ್ ‘ಬೂಟ್-ಡ್ಯುರೇಶನ್’ ಎಂಬ ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಈ ಸಲವೂ ಅಷ್ಟೇ ಹೊತ್ತು ಹಿಡಿಯುತ್ತದೆ ಎಂದು ಊಹಿಸಿ ಪಟ್ಟಿ ತುಂಬಿಸುತ್ತದೆ. ಇಂದು ಡಿಸ್ಕ್ ತಪಾಸಣೆ ಬಂದು ತಡವಾದರೆ ಅದರ ಅಂದಾಜೂ ತಪ್ಪುತ್ತದೆ.

ಥೀಮಿನೊಳಗೆ ಏನಿದೆ?

ಯುಎಸ್ಆರ್ ಫೋಲ್ಡರಿನ ಶೇರ್ ಒಳಗೆ ಪ್ಲಿಮತ್, ಅದರೊಳಗೆ ಥೀಮ್ಸ್. ಪ್ರತಿ ಥೀಮಿಗೂ ಅಲ್ಲಿ ಒಂದೊಂದು ಫೋಲ್ಡರ್ ಇದೆ. ಸ್ಕ್ರಿಪ್ಟ್ ಬಳಸುವ ಥೀಮಾದರೆ ಒಳಗೆ ಮೂರು ಬಗೆಯ ಕಡತಗಳು. ಮೊದಲನೆಯದು ‘ಡಾಟ್ ಪ್ಲಿಮತ್’ ಕಡತ. ಥೀಮಿನ ಹೆಸರು, ಯಾವ ಮಾಡ್ಯೂಲ್ ಬಳಸಬೇಕು, ಚಿತ್ರಗಳು ಎಲ್ಲಿವೆ ಎಂಬ ನಾಲ್ಕಾರು ಸಾಲಿನ ವಿಳಾಸಪತ್ರ. ಎರಡನೆಯದು ‘ಡಾಟ್ ಸ್ಕ್ರಿಪ್ಟ್’. ಚಿತ್ರ ಹೇಗೆ ಚಲಿಸಬೇಕು ಎಂಬ ನಿರ್ದೇಶನ. ಮೂರನೆಯದು ಪಿಎನ್‌ಜಿ ಚಿತ್ರಗಳು.

ಖಾಲಿ ಹಾಳೆಯಿಂದ ಶುರುಮಾಡಲು ಹೋಗಬೇಡಿ. ಪ್ಲಿಮತ್-ಥೀಮ್ಸ್ ಪ್ಯಾಕೇಜ್ ಹಾಕಿಕೊಂಡರೆ ‘ಸ್ಕ್ರಿಪ್ಟ್’ ಎಂಬ ಹೆಸರಿನದೇ ಒಂದು ಮಾದರಿ ಥೀಮ್ ಸಿಗುತ್ತದೆ. ಪಾಸ್‌ವರ್ಡ್ ಕೇಳುವ ಪೆಟ್ಟಿಗೆ, ಬೀಗದ ಚಿತ್ರ, ಪ್ರಗತಿ ಪಟ್ಟಿ ಎಲ್ಲ ಅದರಲ್ಲಿ ತಯಾರಿವೆ. ಆ ಫೋಲ್ಡರನ್ನು ನಕಲು ಮಾಡಿ ‘ದೀಪ’ ಎಂದು ಹೆಸರಿಡಿ. ಎರಡು ಕಡತಗಳ ಹೆಸರನ್ನೂ ಅದರಂತೆ ಬದಲಿಸಿ. ವಿಳಾಸಪತ್ರದೊಳಗಿನ ದಾರಿಗಳನ್ನೂ ತಿದ್ದಲೇಬೇಕು. ಮರೆತರೆ ನಿಮ್ಮ ಥೀಮ್ ಹಳೆಯ ಫೋಲ್ಡರಿಗೇ ಹೋಗಿ ಹಳೆಯ ಚಿತ್ರವನ್ನೇ ತರುತ್ತದೆ.

ಒಂದು ದೀಪ ಹಚ್ಚೋಣ

ಕಪ್ಪು ಹಿನ್ನೆಲೆಯ ನಡುವೆ ಒಂದು ಹಣತೆ. ಅದರ ಬೆಳಕು ಉಸಿರಾಡಿದಂತೆ ಏರಬೇಕು, ಇಳಿಯಬೇಕು. ಇದಕ್ಕೆ ಬೇಕಿರುವುದು ಒಂದೇ ಚಿತ್ರ. ಹಿನ್ನೆಲೆ ಪಾರದರ್ಶಕವಾಗಿರುವ 400 ಚುಕ್ಕಿ ಅಗಲ, 400 ಚುಕ್ಕಿ ಎತ್ತರದ ಪಿಎನ್‌ಜಿ ಸಾಕು.

ಸ್ಕ್ರಿಪ್ಟಿನಲ್ಲಿ ಮೊದಲು ಚಿತ್ರವನ್ನು ಓದಿಸುತ್ತೇವೆ; ಮಾದರಿಯಲ್ಲಿ ಲಾಂಛನ ತರುವ ಸಾಲಿನಲ್ಲಿ ನಮ್ಮ ಕಡತದ ಹೆಸರು ಬರೆದರಾಯಿತು. ಆಮೇಲೆ ಅದನ್ನು ‘ಸ್ಪ್ರೈಟ್’ ಮಾಡುತ್ತೇವೆ, ಅಂದರೆ ಪರದೆಯ ಮೇಲೆ ಓಡಾಡಬಲ್ಲ ಬೊಂಬೆ. ಪರದೆಯ ಅಗಲದಿಂದ ಚಿತ್ರದ ಅಗಲ ಕಳೆದು ಎರಡರಿಂದ ಭಾಗಿಸಿದರೆ ಎಡದಿಂದ ಎಷ್ಟು ದೂರದಲ್ಲಿ ಇಡಬೇಕೆಂದು ತಿಳಿಯುತ್ತದೆ. ಎತ್ತರಕ್ಕೂ ಇದೇ ಲೆಕ್ಕ. ಪರದೆ ಯಾವ ಅಳತೆಯದಾದರೂ ಹಣತೆ ನಡುವೆಯೇ ಕೂರುತ್ತದೆ.

ಚಲನೆಗೆ ‘ರಿಫ್ರೆಶ್ ಫಂಕ್ಷನ್’ ಬೇಕು. ಪ್ಲಿಮತ್ ಇದನ್ನು ಸೆಕೆಂಡಿಗೆ 50 ಸಲದವರೆಗೆ ಕರೆಯುತ್ತದೆ. ಪ್ರತಿ ಕರೆಗೂ ಒಂದು ಎಣಿಕೆಯನ್ನು ಒಂದರಂತೆ ಏರಿಸಿ. ಆ ಎಣಿಕೆಯನ್ನು 25ರಿಂದ ಭಾಗಿಸಿ ‘ಸೈನ್’ ತೆಗೆಯಿರಿ, ಬಂದದ್ದನ್ನು 0.25ರಿಂದ ಗುಣಿಸಿ, 0.75 ಕೂಡಿಸಿ. ಉತ್ತರವನ್ನು ಬೊಂಬೆಯ ‘ಒಪ್ಯಾಸಿಟಿ’ಗೆ ಕೊಡಿ. ಹಣತೆಯ ಹೊಳಪು ಅರ್ಧಕ್ಕಿಳಿದು ಪೂರ್ತಿಗೇರುತ್ತದೆ, ಸುಮಾರು ಮೂರು ಸೆಕೆಂಡಿಗೊಂದು ಸುತ್ತು. ಹೈಸ್ಕೂಲಿನಲ್ಲಿ ಯಾಕೆ ಕಲಿಯುತ್ತಿದ್ದೇವೆ ಎಂದು ಗೊಣಗಿಕೊಂಡ ತ್ರಿಕೋನಮಿತಿ ಇಲ್ಲಿ ಬೆಳಕಾಗಿ ಕಾಣುತ್ತದೆ.

ರಂಗೋಲಿಯ ಎಳೆಗಳು ಒಂದೊಂದಾಗಿ ಮೂಡುವಂಥ ಚಿತ್ರಮಾಲೆ ಬೇಕಿದ್ದರೆ ಹಲವು ಪಿಎನ್‌ಜಿಗಳನ್ನು ಸಂಖ್ಯೆಯ ಕ್ರಮದಲ್ಲಿಟ್ಟು ಒಂದಾದ ಮೇಲೊಂದು ತೋರಿಸಬಹುದು. 50 ಚಿತ್ರಗಳಿದ್ದು, ಎರಡು ಕರೆಗೊಮ್ಮೆ ಬದಲಿಸಿದರೆ ಎರಡು ಸೆಕೆಂಡಿನ ಅನಿಮೇಶನ್ ಆಯಿತು. ಆದರೆ ಮೆಮೊರಿಯ ಲೆಕ್ಕ ನೋಡಿಕೊಳ್ಳಿ. ಪಿಎನ್‌ಜಿ ಡಿಸ್ಕಿನಲ್ಲಿ ಎಷ್ಟೇ ಚಿಕ್ಕದಿರಲಿ, ಮೆಮೊರಿಯಲ್ಲಿ ಬಿಚ್ಚಿಕೊಂಡಾಗ ಒಂದೊಂದು ಚುಕ್ಕಿಗೂ ನಾಲ್ಕು ಬೈಟ್ ಹಿಡಿಯುತ್ತದೆ. 400ಕ್ಕೆ 400ರ ಐವತ್ತು ಚಿತ್ರಗಳಿಗೆ 32 ಮೆಗಾಬೈಟ್ ಸಾಕು. 1920ಕ್ಕೆ 1080ರ ಪೂರ್ತಿ ಪರದೆಯ ಐವತ್ತು ಚಿತ್ರಗಳಾದರೆ 400 ಮೆಗಾಬೈಟ್ ದಾಟುತ್ತದೆ. ಬುತ್ತಿಯ ಗಂಟಿಗೆ ಇಡೀ ಅಡುಗೆಮನೆ ಕಟ್ಟಿದಂತೆ. ಚಲಿಸುವ ಭಾಗ ಚಿಕ್ಕದಿರಲಿ, ಉಳಿದದ್ದು ಬರಿಯ ಬಣ್ಣವಾಗಿರಲಿ.

ಕನ್ನಡ ಅಕ್ಷರ ಬರೆಯುವಾಗ

‘ಸುಸ್ವಾಗತ’ ಎಂದು ಬರೆಯುವ ಆಸೆ ಯಾರಿಗಾದರೂ ಬರುತ್ತದೆ. ಸ್ಕ್ರಿಪ್ಟಿನಲ್ಲಿ ನೇರವಾಗಿ ಅಕ್ಷರ ಬರೆಸುವ ಸೌಲಭ್ಯವೂ ಇದೆ. ಆದರೆ ಬುತ್ತಿಯ ಗಂಟಿನಲ್ಲಿ ತಾನಾಗಿಯೇ ಕನ್ನಡ ಫಾಂಟ್ ಬಂದು ಕೂರುವುದಿಲ್ಲ. ಫಾಂಟ್ ಇಲ್ಲದ ಕಡೆ ಅಕ್ಷರದ ಬದಲು ಖಾಲಿ ಚೌಕಗಳು ಬರುತ್ತವೆ. ಫಾಂಟ್ ಸೇರಿಸಿದರೂ ಪೂರ್ತಿ ನೆಮ್ಮದಿಯಿಲ್ಲ. ಅಕ್ಷರ ಮೂಡಿಸಲು ಪ್ಲಿಮತ್‌ಗೆ ಎರಡು ದಾರಿಗಳಿವೆ. ಅವುಗಳಲ್ಲಿ ಹಗುರವಾದದ್ದಕ್ಕೆ ಒತ್ತಕ್ಷರ, ಗುಣಿತಾಕ್ಷರ ಜೋಡಿಸುವ ವಿದ್ಯೆ ಗೊತ್ತಿಲ್ಲ. ‘ಸ್ವಾ’ ಎಂಬುದು ಕೈಕಾಲು ಬೇರೆ ಬೇರೆಯಾಗಿ ನಿಲ್ಲುತ್ತದೆ.

ಸುಲಭದ ಉಪಾಯವೆಂದರೆ ಬರಹವನ್ನು ಇಂಕ್‌ಸ್ಕೇಪ್‌ನಲ್ಲೋ ಗಿಂಪ್‌ನಲ್ಲೋ ಬರೆದು, ಚಿತ್ರವಾಗಿ ಉಳಿಸಿ, ಇನ್ನೊಂದು ಬೊಂಬೆಯಾಗಿ ಹಣತೆಯ ಕೆಳಗೆ ಕೂರಿಸುವುದು. ಚಿತ್ರಕ್ಕೆ ಫಾಂಟಿನ ಹಂಗಿಲ್ಲ.

ಜಾಗಕ್ಕೆ ಏರಿಸುವುದು

ಹೆಚ್ಚಿನವರು ಸೋಲುವುದು ಇಲ್ಲೇ. ಥೀಮನ್ನು ಸರಿಯಾದ ಫೋಲ್ಡರಿಗೆ ಹಾಕಿರುತ್ತಾರೆ, ರೀಸ್ಟಾರ್ಟ್ ಮಾಡುತ್ತಾರೆ, ಹಳೆಯ ಚಕ್ರವೇ ಸುತ್ತುತ್ತದೆ. ಕಾರಣ ಈಗ ನಿಮಗೇ ಹೊಳೆದಿರಬೇಕು. ಡಿಸ್ಕ್ ತೆರೆಯುವ ಮುಂಚೆಯೇ ಪ್ಲಿಮತ್ ಕುಣಿಯಲು ಶುರುಮಾಡಿರುತ್ತದೆ, ಅದರ ಕೈಯಲ್ಲಿರುವುದು ಹಳೆಯ ಬುತ್ತಿ. ಗಂಟನ್ನು ಮತ್ತೆ ಕಟ್ಟಬೇಕು.

ಉಬುಂಟುವಿನಲ್ಲಿ ಮೂರು ಹೆಜ್ಜೆ. ‘ಅಪ್‌ಡೇಟ್-ಆಲ್ಟರ್ನೇಟಿವ್ಸ್’ ಕಮಾಂಡಿನ ‘ಇನ್‌ಸ್ಟಾಲ್’ ಆಯ್ಕೆಯಿಂದ ನಿಮ್ಮ ವಿಳಾಸಪತ್ರವನ್ನು ‘ಡೀಫಾಲ್ಟ್ ಡಾಟ್ ಪ್ಲಿಮತ್’ ಪಟ್ಟಿಗೆ ಸೇರಿಸಿ. ಅದೇ ಕಮಾಂಡಿನ ‘ಕಾನ್ಫಿಗ್’ ಆಯ್ಕೆಯಿಂದ ಪಟ್ಟಿಯಲ್ಲಿ ಅದನ್ನು ಆರಿಸಿ. ಕೊನೆಗೆ ‘ಅಪ್‌ಡೇಟ್-ಇನಿಟ್‌ರ್ಯಾಮ್‌ಎಫ್‌ಎಸ್’ಗೆ ‘ಯು’ ಆಯ್ಕೆ ಕೊಟ್ಟು ಗಂಟು ಕಟ್ಟಿ. ಮೂರಕ್ಕೂ ಮುಂದೆ ‘ಸುಡೊ’ ಬೇಕು. ಡೆಬಿಯನ್, ಫೆಡೋರಾಗಳಲ್ಲಿ ‘ಪ್ಲಿಮತ್-ಸೆಟ್-ಡೀಫಾಲ್ಟ್-ಥೀಮ್’ ಕಮಾಂಡಿಗೆ ದೊಡ್ಡಕ್ಷರದ ‘ಆರ್’ ಆಯ್ಕೆ ಕೊಟ್ಟರೆ ಆರಿಸುವುದು, ಕಟ್ಟುವುದು ಒಟ್ಟಿಗೇ ಮುಗಿಯುತ್ತದೆ. ಉಬುಂಟು, ಡೆಬಿಯನ್‌ಗಳಾದರೆ ಗ್ರಬ್‌ನ ಸೆಟ್ಟಿಂಗಿನಲ್ಲಿ ‘ಕ್ವಾಯಟ್ ಸ್ಪ್ಲಾಶ್’ ಎಂಬ ಎರಡು ಪದಗಳಿವೆಯೇ ನೋಡಿ. ‘ಸ್ಪ್ಲಾಶ್’ ಇಲ್ಲದಿದ್ದರೆ ಚಿತ್ರ ಬರುವುದಿಲ್ಲ, ಅಕ್ಷರಗಳ ಸಾಲು ಮಾತ್ರ ಉರುಳುತ್ತದೆ.

ರಾಸ್ಪ್‌ಬೆರಿ ಪೈ ಇರುವವರಿಗೆ ಇಷ್ಟೂ ಬೇಡ. ಅದರ ‘ಪಿಕ್ಸ್’ ಥೀಮಿನಲ್ಲಿ ‘ಸ್ಪ್ಲಾಶ್’ ಎಂಬ ಒಂದು ಪಿಎನ್‌ಜಿ ಇದೆ. ಅದೇ ಹೆಸರಿನಲ್ಲಿ ನಿಮ್ಮ ಚಿತ್ರ ಇಟ್ಟು ಗಂಟನ್ನು ಹೊಸದಾಗಿ ಕಟ್ಟಿದರೆ ಮುಗಿಯಿತು. ಶಾಲೆಯ ಲ್ಯಾಬಿಗೂ ಗ್ರಂಥಾಲಯದ ಮಾಹಿತಿ ಪರದೆಗೂ ಇಷ್ಟು ಸಾಕು.

ನಾನು ಎಡವಿದ್ದು

ನನ್ನ ಮೊದಲ ಥೀಮನ್ನು ನಾನು ಮಾದರಿಯಿಂದ ನಕಲು ಮಾಡಲಿಲ್ಲ. ಖಾಲಿ ಕಡತದಲ್ಲಿ ದೀಪಕ್ಕೆ ಬೇಕಾದ ಹತ್ತು ಸಾಲು ಬರೆದು ಹೆಮ್ಮೆಯಿಂದ ರೀಸ್ಟಾರ್ಟ್ ಮಾಡಿದೆ. ದೀಪ ಚೆನ್ನಾಗಿಯೇ ಉಸಿರಾಡಿತು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು, ಉಸಿರಾಡುತ್ತಲೇ ಇತ್ತು. ಕಂಪ್ಯೂಟರ್ ಕೆಟ್ಟಿತೆಂದೇ ತಿಳಿದೆ. ಕೊನೆಗೆ ಎಸ್ಕೇಪ್ ಕೀ ಒತ್ತಿದಾಗ ಚಿತ್ರ ಸರಿದು ಅದರ ಹಿಂದೆ ಒಂದು ಸಾಲು ಕಂಡಿತು: ಡಿಸ್ಕಿನ ಪಾಸ್‌ವರ್ಡ್ ಕೊಡಿ.

ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿದ ಯಂತ್ರಗಳಲ್ಲಿ ಈ ಪ್ರಶ್ನೆ ಕೇಳಬೇಕಾದ್ದು ಥೀಮಿನ ಕೆಲಸ. ಪ್ಲಿಮತ್ ಥೀಮಿಗೆ ಎರಡು ವಿಷಯ ಮಾತ್ರ ಕೊಡುತ್ತದೆ: ಪ್ರಶ್ನೆಯ ಬರಹ ಮತ್ತು ಎಷ್ಟು ಚುಕ್ಕಿ ತೋರಿಸಬೇಕೆಂಬ ಎಣಿಕೆ. ಪಾಸ್‌ವರ್ಡ್ ಥೀಮಿನ ಕೈಗೆ ಸಿಗುವುದಿಲ್ಲ. ಆದರೆ ಪ್ರಶ್ನೆ ಬಂದಾಗ ಏನು ಮಾಡಬೇಕೆಂದು ಸ್ಕ್ರಿಪ್ಟಿನಲ್ಲಿ ಬರೆದಿರದಿದ್ದರೆ ಪರದೆಯಲ್ಲಿ ಏನೂ ಕಾಣುವುದಿಲ್ಲ. ಮಾದರಿ ಥೀಮಿನ ಆ ಭಾಗವನ್ನು ಅಳಿಸಬೇಡಿ ಎನ್ನುವುದು ಅದಕ್ಕೇ.

ಥೀಮ್ ಪೂರಾ ಕೈಕೊಟ್ಟರೂ ಗಾಬರಿ ಬೇಡ. ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನಿಂದ ‘ಸ್ಪ್ಲಾಶ್’ ಪದ ಅಳಿಸಿ, ಎಫ್10 ಒತ್ತಿ. ಆ ಒಂದು ಸಲಕ್ಕೆ ಚಿತ್ರವಿಲ್ಲದೆ ಯಂತ್ರ ಏಳುತ್ತದೆ. ಒಳಗೆ ಬಂದು ಹಳೆಯ ಥೀಮ್ ಆರಿಸಿ ಗಂಟನ್ನು ಮತ್ತೆ ಕಟ್ಟಿದರಾಯಿತು. ಇನ್ನೂ ಜಾಣತನವೆಂದರೆ ಮೊದಲ ಪ್ರಯೋಗವನ್ನು ವರ್ಚುವಲ್‌ಬಾಕ್ಸ್‌ನಂಥ ತೋರಿಕೆಯ ಯಂತ್ರದಲ್ಲಿ ಮಾಡುವುದು.

ವಿಂಡೋಸ್‌ನಲ್ಲಿ ಆಗದೆ?

ಒಂದು ಕಾಲದಲ್ಲಿ ಇದಕ್ಕಿಂತ ಸುಲಭವಾಗಿತ್ತು. ವಿಂಡೋಸ್ 95ರಲ್ಲಿ ಆರಂಭದ ಚಿತ್ರವೆಂದರೆ 320 ಅಗಲ, 400 ಎತ್ತರ, 256 ಬಣ್ಣದ ಒಂದು ಬಿಟ್‌ಮ್ಯಾಪ್. ಪೇಂಟ್‌ನಲ್ಲಿ ಬರೆದು ‘ಲೋಗೊ ಡಾಟ್ ಸಿಸ್’ ಎಂದು ಹೆಸರಿಸಿ ಸಿ ಡ್ರೈವಿನಲ್ಲಿಟ್ಟರೆ ಸಾಕಿತ್ತು. ಪರದೆಯಲ್ಲಿ ಅದು ಅಡ್ಡಕ್ಕೆ ಹಿಗ್ಗುತ್ತಿದ್ದರಿಂದ ಬರೆಯುವಾಗ ಮುಖಗಳನ್ನು ಸಪೂರ ಮಾಡಿ ಬರೆಯಬೇಕಿತ್ತು. ಕೆಳಗೆ ಹರಿಯುವ ಪಟ್ಟಿಗೆ ಬೇರೆ ಚಿತ್ರಗಳೇ ಇರಲಿಲ್ಲ. ಬಣ್ಣದ ಪಟ್ಟಿಯಲ್ಲಿ ಬಣ್ಣಗಳನ್ನು ಸರದಿಯಂತೆ ಅದಲುಬದಲು ಮಾಡಿ ಹರಿದಂತೆ ತೋರಿಸುತ್ತಿದ್ದರು.

ಇಂದಿನ ವಿಂಡೋಸ್‌ನಲ್ಲಿ ಲಾಂಛನ ಫರ್ಮ್‌ವೇರಿನದು, ಕೆಳಗಿನ ಚುಕ್ಕಿಗಳ ಚಕ್ರ ಸಹಿ ಹಾಕಿ ಮುಚ್ಚಿದ ಕಡತಗಳೊಳಗಿನದು. ಅದನ್ನು ಬದಲಿಸುವ ಉಪಕರಣಗಳು ಸಿಗುತ್ತವೆ, ಆದರೆ ಅವುಗಳಲ್ಲಿ ಹಲವಕ್ಕೆ ಸೆಕ್ಯೂರ್ ಬೂಟ್ ಎಂಬ ಕಾವಲನ್ನು ತೆಗೆಯಬೇಕು. ಕೆಲವು ತಯಾರಕರು ಲಾಂಛನ ಬದಲಿಸಲು ತಾವೇ ಅವಕಾಶ ಕೊಡುತ್ತಾರೆ. ಅಲ್ಲಿಯೂ ಎಚ್ಚರ ಬೇಕು. ಫರ್ಮ್‌ವೇರ್ ಲಾಂಛನದ ಚಿತ್ರ ಓದುವಾಗಿನ ದೋಷಗಳನ್ನು ಬಳಸಿ ಯಂತ್ರದೊಳಗೆ ನುಗ್ಗಬಹುದೆಂದು ಬೈನಾರ್ಲಿ ಸಂಸ್ಥೆಯ ಸಂಶೋಧಕರು 2023ರ ಡಿಸೆಂಬರಿನಲ್ಲಿ ತೋರಿಸಿಕೊಟ್ಟರು. ಅದಕ್ಕೆ ಅವರಿಟ್ಟ ಹೆಸರು ಲೋಗೊಫೇಲ್. ಒಂದು ಚಿತ್ರಕ್ಕಾಗಿ ಬಾಗಿಲ ಅಗುಳಿ ತೆಗೆಯುವುದು ಲಾಭದ ವ್ಯಾಪಾರವಲ್ಲ. ವಿಂಡೋಸ್ ಬಳಸುವವರು ಲಾಕ್ ಸ್ಕ್ರೀನಿನ ಚಿತ್ರ ಬದಲಿಸಿಕೊಂಡು ತೃಪ್ತಿಪಡುವುದೇ ಮೇಲು.

ಲಿನಕ್ಸ್ ಬಳಸುವವರಿಗೆ ಕೊನೆಯ ಮಾತು. ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ನಿಮ್ಮ ದೀಪ ನಾಲ್ಕೈದು ಸೆಕೆಂಡ್ ಉರಿದರೆ ಹೆಚ್ಚು. ಪೂರ್ತಿ ನೋಡಬೇಕೆಂಬ ಆಸೆಗೆ ಬೂಟನ್ನು ತಡೆದು ನಿಲ್ಲಿಸುವ ಉಪಾಯಗಳ ಮೊರೆಹೋಗಬೇಡಿ. ಯಾವತ್ತಾದರೂ ದೀಪ ಅರ್ಧ ನಿಮಿಷ ಮೀರಿ ಉರಿಯುತ್ತಿದ್ದರೆ ಅದರ ಚಂದ ನೋಡುತ್ತ ಕೂರದೆ ಎಸ್ಕೇಪ್ ಒತ್ತಿ.