ನಿಮಗಿದು ಗೊತ್ತೆ? ನಾಲ್ಕಕ್ಕಿಂತ ಮೂರೇ ಲೇಸು!

ನಾಲ್ಕು ಕಂಪ್ಯೂಟರ್‌ಗಳ ಡೇಟಾಬೇಸ್ ಮೂರರದಕ್ಕಿಂತ ಗಟ್ಟಿಯೇನಲ್ಲ! ಉಡುಪಿ, ಕಾಪು, ಕಾರ್ಕಳದಲ್ಲಿ ಒಂದೊಂದು ಹಳೇ ಪಿಸಿ ಇಟ್ಟು, ಒಂದೇ ಲೆಕ್ಕವನ್ನು ಮೂರರಲ್ಲೂ ಬರೆಸುತ್ತೀರಿ ಎನ್ನಿ. ‘ರಾಫ್ಟ್’ ಎಂಬ ಸೂತ್ರದಂತೆ ನಡೆಯುವ ಇಂಥ ಕಂಪ್ಯೂಟರ್ ಗುಂಪಿನಲ್ಲಿ ಬಹುಮತವಿದ್ದರಷ್ಟೇ ಹೊಸ ದಾಖಲೆ ಪಕ್ಕಾ. ಆಟಿಯ ಮಳೆಗೆ ಕಾರ್ಕಳದಲ್ಲಿ ಕರೆಂಟ್ ಹೋದರೂ ಉಳಿದೆರಡು ಕೆಲಸ ನಡೆಸುತ್ತವೆ. ಮಣಿಪಾಲದಲ್ಲಿ ನಾಲ್ಕನೆಯದನ್ನು ಸೇರಿಸಿದಿರೋ, ಬಹುಮತಕ್ಕೆ ಮೂರು ಬೇಕು. ಕೈಕೊಟ್ಟರೂ ನಡೆಯುವುದು ಆಗಲೂ ಒಂದೇ. ನಡುವೆ ಕೇಬಲ್ ತುಂಡಾಗಿ ಉಡುಪಿ–ಮಣಿಪಾಲ ಒಂದು ಕಡೆ, ಕಾಪು–ಕಾರ್ಕಳ ಇನ್ನೊಂದು ಕಡೆಯಾದರೆ ಮುಗಿಯಿತು, ಎರಡೂ ಬಣ ಕೈಕಟ್ಟಿ ಕೂರುತ್ತವೆ. ಐದಾದರೆ ಮಾತ್ರ ಎರಡು ಕೆಟ್ಟರೂ ಚಿಂತೆಯಿಲ್ಲ. ಸ್ಟ್ಯಾನ್‌ಫರ್ಡ್ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಈ ಸೂತ್ರ, ಅಂಗೈಯಗಲದ ರಾಸ್ಪ್‌ಬೆರಿ ಪೈಗಳಲ್ಲೂ ಓಡುತ್ತದೆ.