ಎರಿ ಹೊಲದಿಂದ ಬೂವೆ ದ್ವೀಪಕ್ಕೆ

ದಕ್ಷಿಣ ಅಟ್ಲಾಂಟಿಕ್‌ನ ಬೂವೆ ದ್ವೀಪದಲ್ಲಿ ಜನವಸತಿಯೇ ಇಲ್ಲ. ನಾರ್ವೆಗೆ ಸೇರಿದ ಆ ನೆಲ ಬಹುಪಾಲು ಹಿಮ. 2023ರ ಫೆಬ್ರುವರಿಯಲ್ಲಿ ಹ್ಯಾಮ್‌ಗಳ (ಹವ್ಯಾಸಿ ರೇಡಿಯೊಗಾರರ) ತಂಡವೊಂದು ಅಲ್ಲಿಳಿದು ರೇಡಿಯೊದಲ್ಲಿ ಜಗತ್ತನ್ನು ಕರೆಯಿತು. ಧಾರವಾಡ ಜಿಲ್ಲೆಯ ನವಲಗುಂದದಿಂದ ಅಲ್ಲಿಗೆ ಸುಮಾರು 10,000 ಕಿ.ಮೀ. ಉಪಗ್ರಹ, ಇಂಟರ್ನೆಟ್, ಟವರ್ ಯಾವುದರ ಹಂಗೂ ಇಲ್ಲದೆ, 100 ವಾಟ್‌ನ ಯಂತ್ರ ಮತ್ತು ಒಂದಷ್ಟು ತಂತಿಯಿಂದ ಆ ದೂರ ದಾಟಬಹುದು.

ದಾಟಿಸುವುದು ಆಕಾಶ. 250ರಿಂದ 400 ಕಿ.ಮೀ. ಎತ್ತರದಲ್ಲಿ ಬಿಸಿಲು ಗಾಳಿಯ ಕಣಗಳಿಂದ ಎಲೆಕ್ಟ್ರಾನ್ ಕಿತ್ತು ‘ಎಫ್’ ಪದರ ಕಟ್ಟುತ್ತದೆ. ರೇಡಿಯೊ ಅಲೆ ಅಲ್ಲಿ ಬಾಗಿ ನೆಲಕ್ಕಿಳಿಯುತ್ತದೆ. ಕೆರೆಯ ಮೇಲೆ ಓರೆಯಾಗಿ ಎಸೆದ ಹೆಂಚಿನ ಚೂರಿನಂತೆ, ಎಷ್ಟು ತಗ್ಗಿನಲ್ಲಿ ಹೊರಟರೆ ಅಷ್ಟು ಉದ್ದ ನೆಗೆತ. 30 ಡಿಗ್ರಿಯಲ್ಲಿ ಹೊರಟದ್ದು ಸಾವಿರ ಕಿ.ಮೀ. ಆಸುಪಾಸಿನಲ್ಲೇ ಬೀಳುತ್ತದೆ. ದಿಗಂತ ಸವರಿಕೊಂಡು ಹೋದದ್ದು 4,000 ಕಿ.ಮೀ.ವರೆಗೂ ಹಾರೀತು. ಬೂವೆಗೆ ಮೂರು ನೆಗೆತ ಸಾಕು.

ಹವ್ಯಾಸಿಗಳು ಯಂತ್ರಕ್ಕೆ ದುಡ್ಡು ಸುರಿಯುತ್ತಾರೆ. ನನ್ನ ಮಟ್ಟಿಗೆ ಜಾಗವೇ ಮೊದಲು. ಕಲಘಟಗಿಯ ಗುಡ್ಡ, ಕಾಡು ದಿಗಂತವನ್ನು ಮರೆಮಾಡುತ್ತವೆ. ನವಲಗುಂದ, ಅಣ್ಣಿಗೇರಿ ಕಡೆ ಕಣ್ಣು ಹಾಯಿಸಿದಷ್ಟೂ ಬಯಲು. ಅದಕ್ಕಿಂತ ಮುಖ್ಯ, ಅಲ್ಲಿನ ಎರಿ, ಅಂದರೆ ಕಪ್ಪು ಮಣ್ಣು. 14 ಮೆಗಾಹರ್ಟ್ಸ್‌ಗೆ ಐದು ಮೀಟರ್‌ಗಿಂತ ತುಸು ಉದ್ದದ ತಂತಿಯನ್ನು ಬಿದಿರಿಗೆ ಕಟ್ಟಿ ನೆಟ್ಟಗೆ ನಿಲ್ಲಿಸಿ, ಬುಡದಿಂದ ಸುತ್ತಲೂ ತಂತಿ ಹಾಸಿದರೆ ಆಂಟೆನಾ ಸಿದ್ಧ. ಉಳಿದರ್ಧ ಕೆಲಸ ನೆಲದ್ದು. ವಿದ್ಯುತ್ತು ಬುಡಕ್ಕೆ ಮರಳುವುದು ಆ ತಂತಿ ಮತ್ತು ಮಣ್ಣಿನ ಮೂಲಕ. ತಗ್ಗಿನಲ್ಲಿ ಹೊರಡುವ ಅಲೆಗೆ ಬಲ ಸಿಗುವುದೂ ದೂರದವರೆಗಿನ ಹೊಲ ವಿದ್ಯುತ್ತನ್ನು ಹಾಯಿಸಿದರೆ ಮಾತ್ರ. ಒಣ ಕಲ್ಲುನೆಲ ಶಕ್ತಿಯನ್ನು ಶಾಖವಾಗಿ ನುಂಗುತ್ತದೆ. ಎರಿಮಣ್ಣಿನ ಜೇಡಿ ನೀರು, ಲವಣ ಎರಡನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹಿಂಗಾರಿ ಮಳೆ ಕುಡಿದ ಕಡಲೆ ಹೊಲ ಒಳ್ಳೆಯ ವಾಹಕ. ಬೇಸಿಗೆಯಲ್ಲಿ ನೆಲ ಬಾಯ್ಬಿಟ್ಟಾಗ ಈ ಲಾಭ ಕುಗ್ಗುತ್ತದೆ.

ಹೊತ್ತೂ ಕೂಡಿಬರಬೇಕು. 60ರಿಂದ 90 ಕಿ.ಮೀ. ಎತ್ತರದ ‘ಡಿ’ ಪದರ ಹಗಲಲ್ಲಿ 7 ಮೆಗಾಹರ್ಟ್ಸ್‌ನ ಅಲೆಗಳನ್ನು ಹೀರುತ್ತದೆ. ಹೊತ್ತು ಮುಳುಗುತ್ತಲೇ ಅದು ಕರಗುತ್ತದೆ, ಎಫ್ ಪದರಕ್ಕೆ ಇನ್ನೂ ಬಿಸಿಲಿರುತ್ತದೆ. ಆ ಮುಸ್ಸಂಜೆಯಲ್ಲಿ ಕ್ಷೀಣ ದನಿ ಕೇಳಲು ಹಳ್ಳಿಯೇ ಲೇಸು; ಹುಬ್ಬಳ್ಳಿಯ ಬಡಾವಣೆಗಳಲ್ಲಿ ಎಲ್‌ಇಡಿ ಬಲ್ಬು, ಚಾರ್ಜರ್‌ಗಳ ಗರಗರ ಅದನ್ನು ಮುಳುಗಿಸುತ್ತದೆ.

ಅಮೆರಿಕದ ರೇಡಿಯೊ ರಿಲೇ ಲೀಗ್‌ನ ಪಟ್ಟಿಯಲ್ಲಿ, ಹ್ಯಾಮ್‌ಗಳು ಒಂದೊಂದಾಗಿ ಸಂಪರ್ಕಿಸಲು ಹವಣಿಸುವ, ಬೂವೆಯಂಥ 340 ‘ದೇಶ’ಗಳಿವೆ; ಭಾರತ, ಅಂಡಮಾನ್, ಲಕ್ಷದ್ವೀಪ ಮೂರಕ್ಕೂ ಬೇರೆ ಬೇರೆ ಲೆಕ್ಕ. ಅಪರೂಪದ ಕೇಂದ್ರ ಬಂದಾಗ ಸಾವಿರಾರು ಮಂದಿ ಒಮ್ಮೆಲೇ ಕೂಗುವುದೇ ‘ಪೈಲ್‌ಅಪ್’. ಕೇಂದ್ರದವರು ‘ಫೈವ್ ಅಪ್’ ಎಂದು ಹೇಳಿ, ತಾವು ಮಾತಾಡುವ ಜಾಗಕ್ಕಿಂತ ಐದು ಕಿಲೋಹರ್ಟ್ಸ್ ಮೇಲಿನಿಂದ ಕೇಳುತ್ತಾರೆ. ಪಳಗಿದವರು ಮೊದಲು ಸುಮ್ಮನಿರುತ್ತಾರೆ. ಈಗಷ್ಟೇ ಉತ್ತರ ಪಡೆದವರು ಎಲ್ಲಿಂದ ಕೂಗಿದ್ದರು, ಆಪರೇಟರ್ ಮೇಲಕ್ಕೆ ಸರಿಯುತ್ತಿದ್ದಾರೋ ಕೆಳಕ್ಕೋ ಎಂದು ನಾಬ್ ತಿರುಗಿಸಿ ಪತ್ತೆಹಚ್ಚಿ, ಅವರು ಮುಂದೆ ಬಂದು ನಿಲ್ಲುವ ಕಡೆ ಒಮ್ಮೆ ತಮ್ಮ ಗುರುತಾದ ಕಾಲ್‌ಸೈನ್ ಹೇಳುತ್ತಾರೆ. ಆಚೆಯಿಂದ ‘ಫೈವ್ ನೈನ್’ (ದನಿ ಚೆನ್ನಾಗಿ ಕೇಳುತ್ತಿದೆ), ಈಚೆಯಿಂದ ‘ಫೈವ್ ನೈನ್’. ಸಂಪರ್ಕ ಮುಗಿಯಿತು.

ಹ್ಯಾಮ್ ಲೋಕದಲ್ಲಿ ಅಂಡಮಾನ್ 1987ರ ನಂತರ ಮೌನವಾಗಿತ್ತು. 2004ರ ಡಿಸೆಂಬರಿನಲ್ಲಿ ಹ್ಯಾಮ್ ಭಾರತಿ ಪ್ರಸಾದ್ ಮುಂದಾಳತ್ವದ ತಂಡ ಪೋರ್ಟ್ ಬ್ಲೇರ್‌ನಿಂದ ಕರೆಯತೊಡಗಿದಾಗ ಜಗತ್ತಿನ ಹ್ಯಾಮ್‌ಗಳೆಲ್ಲ ಮುಗಿಬಿದ್ದರು. 26ರ ಬೆಳಿಗ್ಗೆ ಸುನಾಮಿ ಬಂತು. ತಂಡ ಆ ಆಟ ನಿಲ್ಲಿಸಿ, ಅದೇ ಯಂತ್ರಗಳಿಂದ ದ್ವೀಪದವರ ಕ್ಷೇಮಸಮಾಚಾರವನ್ನು ಹೊರಗೆ ತಲುಪಿಸಿತು. ಗದ್ದಲದಿಂದ ದನಿ ಹೆಕ್ಕುವ ಕಿವಿ ಆ ಹೊತ್ತಿಗೆ ಪಳಗಿತ್ತು.

ಎಫ್ ಪದರ ಕಟ್ಟುವ ಸೂರ್ಯನ ಚಟುವಟಿಕೆಯ 11 ವರ್ಷಗಳ ಚಕ್ರ 2024ರಲ್ಲಿ ಶಿಖರ ಮುಟ್ಟಿತು. ಅದು ಇಳಿಯುತ್ತ ಹೋದಂತೆ 28 ಮೆಗಾಹರ್ಟ್ಸ್ ಮಂಕಾದರೂ 7 ಮತ್ತು 14 ಕೈಬಿಡುವುದಿಲ್ಲ. ಹ್ಯಾಮ್ ಲೈಸೆನ್ಸ್ ಪರೀಕ್ಷೆಗೆ 12 ವರ್ಷ ತುಂಬಿದ ಮಕ್ಕಳೂ ಕೂರಬಹುದು. ಕುಂದಗೋಳ, ಅಣ್ಣಿಗೇರಿಯ ಹೈಸ್ಕೂಲಿನ ವಿಜ್ಞಾನ ಮಾಸ್ತರೊಬ್ಬರು ಮನಸ್ಸು ಮಾಡಿದರೆ, ಆಂಟೆನಾ ನಿಲ್ಲಿಸಲು ಎರಿ ಹೊಲ ಊರ ಹೊರಗೇ ಇದೆ.