ಜಾರಿದ ಗರ್ಭಕೋಶಕ್ಕೆ ಸಿಲಿಕೋನ್ ಬಳೆ

ಸ್ತ್ರೀರೋಗ ತಜ್ಞೆಯ ಮೇಜಿನ ಮೇಲಿದ್ದ ಆ ವಸ್ತು ನೋಡಲು ಥೇಟ್ ಕೈಬಳೆ. ಒತ್ತಿದರೆ ಮಡಚಿಕೊಳ್ಳುತ್ತದೆ, ಬಿಟ್ಟರೆ ದುಂಡಗಾಗುತ್ತದೆ. ಸಿಲಿಕೋನ್‌ನಿಂದ ಮಾಡಿದ ಇದರ ಹೆಸರು ರಿಂಗ್ ಪೆಸರಿ. ಜಾರಿದ ಗರ್ಭಕೋಶವನ್ನು ಒಳಗೇ ಆನಿಸಿ ಹಿಡಿಯುವುದು ಇದರ ಕೆಲಸ. ಕತ್ತರಿ ಹಾಕಬೇಕಿಲ್ಲ, ಅರಿವಳಿಕೆಯೂ ಬೇಡ. ವೈದ್ಯೆ ಬೆರಳಿನಲ್ಲೇ ಅಳತೆ ನೋಡಿ ಉಂಗುರವನ್ನು ಮಡಚಿ ಯೋನಿಯೊಳಗೆ ಕೂರಿಸುತ್ತಾರೆ. ಆಮೇಲೆ ಕೆಮ್ಮಿಸುತ್ತಾರೆ, ಕುಕ್ಕರಗಾಲಲ್ಲಿ ಕೂರಿಸುತ್ತಾರೆ, ನಡೆದಾಡಿ ಮೂತ್ರ ಮಾಡಿ ಬನ್ನಿ ಎನ್ನುತ್ತಾರೆ. ಉಂಗುರ ಜಾರದಿದ್ದರೆ, ಒತ್ತದಿದ್ದರೆ ಅಳತೆ ಸರಿ.

ಇದರ ಪೂರ್ವಜ ದಾಳಿಂಬೆ! ಹಿಪೊಕ್ರೆಟಿಸ್ ಪರಂಪರೆಯ ಗ್ರೀಕ್ ವೈದ್ಯರು ಜಾರಿದ ಗರ್ಭಕೋಶವನ್ನು ತಡೆಯಲು ಅರ್ಧ ದಾಳಿಂಬೆಯನ್ನು ಒಳಗಿಡುತ್ತಿದ್ದರು. ಹೆಂಗಸನ್ನು ಏಣಿಗೆ ತಲೆಕೆಳಗಾಗಿ ಕಟ್ಟಿ ಅಲುಗಾಡಿಸುವ ಕ್ರೂರ ಚಿಕಿತ್ಸೆಯೂ ಅವರಲ್ಲಿತ್ತು. ಆ ಏಣಿಯ ಮುಂದೆ ದಾಳಿಂಬೆ ಎಷ್ಟು ಕರುಣೆಯ ಉಪಾಯ! 19ನೇ ಶತಮಾನದಲ್ಲಿ ಗಟ್ಟಿ ರಬ್ಬರು ಬಂತು. ಫಿಲಡೆಲ್ಫಿಯಾದ ವೈದ್ಯ ಹ್ಯೂ ಲೆನಾಕ್ಸ್ ಹಾಡ್ಜ್ ರೂಪಿಸಿದ ಪೆಸರಿಗೆ ಇಂದಿಗೂ ಅವರದೇ ಹೆಸರು. ಈಗ ಸಿಲಿಕೋನ್.

ಉಪಾಯ ಇಷ್ಟು ಹಳೆಯದು. ಆದರೂ "ಕೆಳಗೆ ಗಡ್ಡೆ ತರಹ ಏನೋ ಕೈಗೆ ಸಿಗುತ್ತೆ" ಎಂದು ಹೇಳಲು ಹೆಣ್ಣುಮಕ್ಕಳಿಗೆ ವರ್ಷಗಳೇ ಬೇಕಾಗುತ್ತವೆ. ಮಹಾರಾಷ್ಟ್ರದ ಗಡಚಿರೋಲಿಯ ಎರಡು ಹಳ್ಳಿಗಳಲ್ಲಿ ವೈದ್ಯರಾದ ರಾಣಿ ಬಂಗ್ ಮತ್ತು ಅಭಯ್ ಬಂಗ್ ಅವರ ಬಳಗ 650 ಮಹಿಳೆಯರನ್ನು ಪರೀಕ್ಷಿಸಿತ್ತು. 1989ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ವರದಿಯ ಪ್ರಕಾರ ಶೇ 92ರಷ್ಟು ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಅದಕ್ಕೆ ಮೊದಲು ಇಂಥ ಪರೀಕ್ಷೆ ಮಾಡಿಸಿಕೊಂಡಿದ್ದವರು ಶೇ 8 ಮಾತ್ರ.

ಎಲ್ಲವೂ ರೋಗವಲ್ಲ. ವಾಸನೆ, ತುರಿಕೆ ಇಲ್ಲದ ತಿಳಿಯಾದ ಬಿಳಿ ಸೆರಗು ಸಹಜ. ಕೆಟ್ಟ ವಾಸನೆಯಿದ್ದರೆ, ಹಸಿರು ಇಲ್ಲವೇ ಹಳದಿ ಬಣ್ಣಕ್ಕೆ ತಿರುಗಿದರೆ, ಮೊಸರಿನ ಗಡ್ಡೆಯಂತಿದ್ದು ತುರಿಸಿದರೆ ತೋರಿಸಬೇಕು. ಕೆಮ್ಮಿದಾಗ, ನಕ್ಕಾಗ ಮೂತ್ರ ಸೋರುವುದನ್ನು ವಯಸ್ಸಿನ ಪಾಲೆಂದು ನುಂಗಿಕೊಳ್ಳಬೇಕಿಲ್ಲ. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲೇ ಇದಕ್ಕೆ ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮ ಹೇಳಿದ್ದರು. ಕ್ರಮವಾಗಿ ಮೂರು ತಿಂಗಳು ಮಾಡಿದರೆ ಅನೇಕರಿಗೆ ಗುಣ ಕಾಣುತ್ತದೆ.

ಕಾಯಲೇಬಾರದ ಲಕ್ಷಣಗಳೂ ಇವೆ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಆಸ್ಪತ್ರೆಗೆ ಹೋಗಬೇಕು. ಗರ್ಭಕೋಶದ ಒಳಪದರದ ಕ್ಯಾನ್ಸರ್‌ನ ಮೊದಲ ಸುಳಿವು ಸಾಮಾನ್ಯವಾಗಿ ಇದೇ. ಸಂಭೋಗದ ನಂತರದ ರಕ್ತಸ್ರಾವ ಗರ್ಭಕೊರಳಿನ ಕ್ಯಾನ್ಸರ್‌ನ ಸೂಚನೆಯಾಗಿರಬಹುದು. ಮೂತ್ರ ಕಟ್ಟಿಕೊಂಡರೆ ಅದೇ ದಿನ ಹೊರಡಬೇಕು.

ತೋರಿಸಿದ ಕೂಡಲೇ ಗರ್ಭಕೋಶ ತೆಗೆಸಿಕೊಳ್ಳಬೇಕೆಂದೂ ಇಲ್ಲ. ಬಿಳಿ ಸೆರಗು, ಸೊಂಟನೋವು ಎಂದು ಹೋದ ಕಲಬುರಗಿ ಭಾಗದ ತಾಂಡಾಗಳ ಲಂಬಾಣಿ ಮಹಿಳೆಯರ ಗರ್ಭಕೋಶಗಳನ್ನೇ ತೆಗೆದ ಪ್ರಕರಣಗಳು ಕನ್ನಡಿಗರಿಗೆ ನೆನಪಿವೆ. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದನ್ನು ಮೂರು ತಿಂಗಳಲ್ಲಿ ಜಾರಿಗೆ ತರುವಂತೆ ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ಸೂಚಿಸಿತು. "ಔಷಧ, ವ್ಯಾಯಾಮ, ಪೆಸರಿಯಿಂದ ಆಗುವುದಿಲ್ಲವೇ?" ಎಂದು ಕೇಳುವ ಹಕ್ಕು ಪ್ರತಿ ಹೆಣ್ಣಿಗಿದೆ. ವೈದ್ಯರು ಪುರುಷರಾದರೆ ಪರೀಕ್ಷೆಯ ವೇಳೆ ಮಹಿಳಾ ಸಿಬ್ಬಂದಿ ಜತೆಗಿರಲಿ ಎಂದೂ ಕೇಳಬಹುದು. ಪೆಸರಿ ಹಾಕಿಸಿಕೊಂಡವರು ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಹೋಗಿ ತೆಗೆಸಿ, ತೊಳೆಸಿ ಹಾಕಿಸಿಕೊಳ್ಳಬೇಕು. ರಕ್ತವೋ ದುರ್ವಾಸನೆಯೋ ಕಂಡರೆ ಆ ದಿನಕ್ಕಾಗಿ ಕಾಯಬಾರದು.